ಒಗ್ಗರಣೆ ನಿಂತ ಸಾಲುಮನೆ

ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಸದ್ದಿಗಿಂತ ಹಿತವಾದ ಸದ್ದು ಮಧ್ಯಾಹ್ನದ ಹೊತ್ತಿನಲ್ಲಿ ಇನ್ನೊಂದಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ, ಮಿತ್ರರೇ. ಸಾಸಿವೆ ಚಟಪಟ ಸಿಡಿದು, ಅದರ ಬೆನ್ನಿಗೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಮುರಿದ ಬ್ಯಾಡಗಿ ಮೆಣಸಿನಕಾಯಿ ಬಿದ್ದು, ಆ ಘಮಲು ಪಡಸಾಲೆಯನ್ನು ದಾಟಿ ಅಂಗಳಕ್ಕೆ ಬಂತೆಂದರೆ ಹಸಿವಿಲ್ಲದವನಿಗೂ ಹಸಿವಾಗುತ್ತದೆ. ಹೆಂಡತಿಯ ಮೇಲೆ ಮುನಿಸಿಕೊಂಡು ಕೂತವನೂ ಮಾತಿಲ್ಲದೆ ಬಂದು ತಾಟು ಎಳೆದುಕೊಳ್ಳುತ್ತಾನೆ. ನಮ್ಮ ಕಡೆ ಬೇಳೆಗಷ್ಟೇ ಅಲ್ಲ, ಮಾತಿಗೂ ಒಗ್ಗರಣೆ ಹಾಕುತ್ತಾರೆ. ನಾನೂ ಹಾಕುವವಳೇ. ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳಿಗೆ ಕಾಗುಣಿತ ತಿದ್ದಿಸಿದವಳಿಗೆ ಅಷ್ಟೂ ಬಾರದಿದ್ದರೆ ಹೇಗೆ? ಆದರೆ ಈಗ ಹೇಳಲಿಕ್ಕೆ ಕೂತಿರುವುದು ಒಗ್ಗರಣೆಯನ್ನು ಬಿಟ್ಟ ಕತೆ. ಬಿಟ್ಟದ್ದಕ್ಕೆ ನನ್ನ ಕ್ರೈಸ್ತ ಸಭೆಯ ಹಿರಿಯರು ನನಗೆ ಪಶ್ಚಾತ್ತಾಪ ಪಡು ಎಂದರು. ಪಡಲಿಲ್ಲ. ಈಗ ತಲೆಗೂದಲೆಲ್ಲ ಬೆಳ್ಳಗಾದ ಮೇಲೂ ಪಡುವ ಯೋಚನೆಯಿಲ್ಲ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಚಿಮಣಿ ಹೊಗೆಯುಗುಳಲು ಶುರುಮಾಡಿ ಕೆಲವೇ ವರ್ಷವಾಗಿದ್ದ ಕಾಲ ಅದು. ನಮ್ಮವರಿಗೆ ಅಲ್ಲಿ ಬಾಯ್ಲರಿನ ಕೆಲಸ ಸಿಕ್ಕಿ ನಾವು ಧಾರವಾಡದಿಂದ ಆಳ್ನಾವರದ ಮೇಲೆ ಹಾಯ್ದು ಬರುವ ಪುಟ್ಟ ರೈಲಿನಲ್ಲಿ ಟ್ರಂಕು, ಒರಳು, ಪ್ರಾರ್ಥನೆಯ ಪುಸ್ತಕಗಳ ಗಂಟಿನ ಸಮೇತ ಬಂದಿಳಿದಿದ್ದೆವು. ದಾಂಡೇಲಿಯ ಅಂಬೇವಾಡಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಮಾಡಿನ ಕೆಳಗೆ ನಾಲ್ಕು ಸಂಸಾರ ಇರುವ ಸಾಲುಮನೆ. ಮಂಗಳೂರು ಹೆಂಚು ಮೇಲಿತ್ತು, ಕೆಳಗೆ ಮನೆ ಮನೆಯ ನಡುವೆ ಗೋಡೆಯೂ ಇತ್ತು. ಆದರೆ ಆ ಗೋಡೆ ಹೆಂಚನ್ನು ಮುಟ್ಟುವ ಮೊದಲೇ, ಕಟ್ಟಿಸಿದವನಿಗೆ ಇಟ್ಟಿಗೆಯೋ ಉತ್ಸಾಹವೋ ಮುಗಿದುಹೋದಂತೆ, ಕೈಯಳತೆ ಬಿಟ್ಟು ನಿಂತುಬಿಟ್ಟಿತ್ತು. ಹೀಗಾಗಿ ಒಬ್ಬರ ಮನೆಯ ಕೆಮ್ಮು ನಾಲ್ಕೂ ಮನೆಗೆ ಕೇಳುತ್ತಿತ್ತು. ಒಬ್ಬರ ಮನೆಯ ಒಣಮೀನು ನಾಲ್ಕೂ ಮನೆಗೆ ನಾರುತ್ತಿತ್ತು. ಗಂಡ ಹೆಂಡತಿ ಜಗಳವಾಡಬೇಕೆಂದರೆ ಕಾಳಿ ನದಿಯ ದಂಡೆಗೆ ಹೋಗಬೇಕು ಎಂದು ನಮ್ಮವರು ನಗಾಡುತ್ತಿದ್ದರು.

ಒಂದು ತುದಿಯ ಮನೆ ಹಜರಾಬಿಯದು. ಅವಳ ಗಂಡ ಬಿದಿರು ತರುವ ಲಾರಿಯ ಚಾಲಕ. ಎರಡನೆಯದು ನಮ್ಮದು. ಮೂರನೆಯದು ಹಳಿಯಾಳದ ಕಡೆಯ ಹಳ್ಳಿಯಿಂದ ಬಂದ ಗಂಗವ್ವನದು. ಗಂಡ ಬಸಪ್ಪ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ, ಒಬ್ಬಳೇ ಮಗಳು ನೀಲವ್ವ ನನ್ನ ಒಂದನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಇನ್ನೊಂದು ತುದಿಯಲ್ಲಿ ನಮ್ಮ ಸಭೆಯ ಹಿರಿಯರಾದ ಯೋಹಾನಪ್ಪನವರು, ಅವರ ಹೆಂಡತಿ ಮಾರ್ತವ್ವ. ಆಗ ನಮಗೆ ಸರಿಯಾದ ದೇವಾಲಯವೂ ಇರಲಿಲ್ಲ. ತಗಡಿನ ಶೆಡ್ಡೊಂದರಲ್ಲಿ ಭಾನುವಾರ ಕೂಡುತ್ತಿದ್ದೆವು. ಬೋಧಕರು ಧಾರವಾಡದ ಕಡೆಯಿಂದ ಯಾವಾಗಲಾದರೊಮ್ಮೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ಯೋಹಾನಪ್ಪನವರೇ ನಮ್ಮ ಕುರುಬ, ನಮ್ಮ ಕೋಲು.

ಗಂಗವ್ವ ಮಾತಿಗೆ ಒಳ್ಳೆಯವಳು, ಮಡಿಗೆ ಬಲು ಬಿಗಿ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಲ್ಲಿಯ ಹತ್ತಿರ ನನ್ನ ಸೆರಗು ಅವಳ ಕೊಡಕ್ಕೆ ತಾಗಿದರೆ ಅವಳು ನಗುನಗುತ್ತಲೇ ನೀರು ಚೆಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದಳು. “ನೀವು ಒಳ್ಳೇವರ ಅದೀರಿ ಅಕ್ಕೋರ, ಆದ್ರ ನಮ್ಮಲ್ಲಿ ಹಂಗ ಐತಿ ನೋಡ್ರಿ,” ಎನ್ನುತ್ತಿದ್ದಳು. ಸಿಟ್ಟು ಬರುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಬರುತ್ತಿತ್ತು. ಕ್ರೈಸ್ತಳೆಂದ ಮಾತ್ರಕ್ಕೆ ನನ್ನನ್ನು ಕಲ್ಲಿನಿಂದ ಮಾಡಿಲ್ಲ. ಮನೆಗೆ ಬಂದು ಕೊಡವನ್ನು ಕುಕ್ಕಿ ಇಟ್ಟು ನಮ್ಮವರ ಮುಂದೆ ಸಿಡಿಮಿಡಿಗೊಂಡದ್ದೂ ಉಂಟು.

ಅಂಥ ಒಂದು ಬೇಸಗೆಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ಶ್ರಮೆಯ ದಿನಗಳು ನಡೆಯುತ್ತಿದ್ದಾಗ, ಗಂಗವ್ವನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಸಿಡುಬು. ನೀಲವ್ವನ ಹಣೆಯ ಮೇಲೆ ಬಂದ ಗುಳ್ಳೆಗಳು ಮುಖಕ್ಕಿಳಿದು, ಅಂಗೈಗಿಳಿದು, ಕೊನೆಗೆ ಬಾಯೊಳಗೂ ಎದ್ದವು. ಆರೋಗ್ಯ ಖಾತೆಯವರು ಬಂದು ಓಣಿಯವರಿಗೆಲ್ಲ ಲಸಿಕೆ ಚುಚ್ಚಿ ಹೋದರು. ಗಂಗವ್ವ ಹೊಸ್ತಿಲಲ್ಲಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಸಾಲಿಗೆಲ್ಲ ಕೇಳುವಂತೆ ಕೂಗಿದಳು: “ಅವ್ವ ಬಂದಾಳ ರೀ ನಮ್ಮ ಮನೀಗೆ. ಯಾರೂ ಒಗ್ಗರಣಿ ಹಾಕಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಸಾಸವಿ ಸಿಡಸಬ್ಯಾಡ್ರಿ.”

ದೇವಿ ಮನೆಗೆ ಬಂದಿರುವಾಗ ಎಣ್ಣೆ ಕಾಯಿಸಬಾರದು, ಕರಿಯಬಾರದು, ಹುರಿಯಬಾರದು, ಒಗ್ಗರಣೆಯ ಘಾಟು ಏಳಬಾರದು. ಎದ್ದರೆ ಅವ್ವ ಮುನಿಯುತ್ತಾಳೆ, ಮಗುವಿನ ಮೈ ಉರಿಯುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಹಜರಾಬಿ ತನ್ನ ಬಾಗಿಲಿನಿಂದಲೇ, “ಫಿಕರ್ ನಕ್ಕೋ ಕರೋ ಮಾ, ನೈ ಡಾಲ್ತೂಂ,” ಚಿಂತೆ ಬೇಡ, ಹಾಕುವುದಿಲ್ಲ ಎಂದು ಕೂಗಿ ಒಲೆಯ ಮೇಲಿದ್ದುದನ್ನು ಇಳಿಸಿದಳು. ನಾನು ಒಳಗೆ ಹೋಗಿ ಎಣ್ಣೆಯ ಗಿಂಡಿಯನ್ನು ಮೇಲಿನ ಹಲಗೆಗೆ ಏರಿಸಿಟ್ಟೆ.

ಯಾಕೆಂದು ಹೇಳುತ್ತೇನೆ. ನನ್ನ ಮುಖ ನೋಡಿದವರಿಗೆ ಹೇಳಬೇಕಾಗಿಲ್ಲ. ಬರಹ ಓದುವವರಿಗೆ ಹೇಳಬೇಕು. ನನ್ನ ಕೆನ್ನೆಗಳ ಮೇಲೆ ಸಿಡುಬಿನ ಕಲೆಗಳಿವೆ. ತಾಯಿ ತಂದೆಯಿಲ್ಲದ ನಾನು ಮಿಶನ್ನಿನ ಬೋರ್ಡಿಂಗಿನಲ್ಲಿ ಬೆಳೆಯುತ್ತಿದ್ದಾಗ ಸಿಡುಬು ಬಂದು ನನ್ನನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಅಲ್ಲಿ ಯಾವ ದೇವಿಯ ಹೆಸರೂ ಇರಲಿಲ್ಲ. ಶುಚಿಯಾದ ಬಿಳಿಯ ಹಾಸಿಗೆಯಿತ್ತು, ಔಷಧಿಯಿತ್ತು, ಪ್ರಾರ್ಥನೆಯಿತ್ತು. ದಿನವೂ ಮಧ್ಯಾಹ್ನ ದೊಡ್ಡ ಕಡಾಯಿಯಲ್ಲಿ ಬೋರ್ಡಿಂಗಿನ ಸಾರಿಗೆ ಒಗ್ಗರಣೆ ಬೀಳುತ್ತಿತ್ತು. ಗಂಟಲೊಳಗೆಲ್ಲ ಗುಳ್ಳೆಯೆದ್ದ ಮಗುವಿಗೆ ಆ ಘಾಟು ಏನು ಮಾಡುತ್ತದೆಂದು ನಿಮಗೆ ತಿಳಿಯದಿರಲಿ, ತಿಳಿಯುವ ಪ್ರಸಂಗ ನಿಮ್ಮ ಮಕ್ಕಳಿಗೂ ಬಾರದಿರಲಿ. ಕೆಮ್ಮಿದರೆ ಗಂಟಲು ಹರಿಯುತ್ತದೆ, ವಾಂತಿಯಾದರೆ ಬಾಯಿ ಬೇಯುತ್ತದೆ, ಕಣ್ಣುಜ್ಜಿಕೊಂಡರೆ ಗುಳ್ಳೆ ಒಡೆಯುತ್ತದೆ. ಎಷ್ಟು ಅತ್ತರೂ ಯಾರಿಗೂ ಅದು ಹೊಳೆಯಲಿಲ್ಲ. ಒಳ್ಳೆಯ ಜನ ಅವರು, ನನಗಾಗಿ ಮೊಣಕಾಲೂರಿ ಪ್ರಾರ್ಥಿಸಿದರು. ಪ್ರಾರ್ಥಿಸಿ ಎದ್ದು ಹೋಗಿ ಒಗ್ಗರಣೆ ಹಾಕಿದರು.

ಹಾಗಾದರೆ ನಾನು ದೇವಿಯನ್ನು ನಂಬಿದೆನೇ? ಇಲ್ಲ. ನನ್ನ ದೇವರು ಒಬ್ಬನೇ, ಅವನನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಆದರೆ ಹಿಂದಿನವರು ಒಂದು ದಯೆಯನ್ನು ಕಂಡುಕೊಂಡು, ಅದು ಜನರ ಕೈಜಾರದಿರಲೆಂದು ದೇವಿಯ ಸೆರಗಿಗೆ ಗಂಟುಹಾಕಿ ಇಟ್ಟಿದ್ದರೆ, ಆ ದಯೆಯನ್ನು ಬಿಚ್ಚಿಕೊಳ್ಳಲು ನನಗೇನು ಅಡ್ಡಿ? ದಯೆಗೆ ಜಾತಿಪತ್ರ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಮನುಷ್ಯ ಮನುಷ್ಯನನ್ನು ದ್ವೇಷಿಸಲು ಕಲಿಯುವುದು ಮೊದಲು ಮೂಗಿನಿಂದ ಎಂದು ನನ್ನ ಎಣಿಕೆ. ಮುಂದೆ ನನಗೆ ಜೊಯಿಡಾಕ್ಕೆ ವರ್ಗವಾದಾಗ ಪೇಟೆಯವರು, ಕಾಡಿನಿಂದ ಮೊಸರು ಮಾರಲು ಬರುವ ಗೌಳಿಗರ ಹೆಂಗಸರನ್ನು ಕಂಡು, ಎಮ್ಮೆಯ ವಾಸನೆ ಎಂದು ಮೂಗು ಮುಚ್ಚಿಕೊಂಡು ಮೊಸರನ್ನು ಮಾತ್ರ ಚಪ್ಪರಿಸುತ್ತಿದ್ದರು. ಆಮೇಲೆ ಮುಂಡಗೋಡದಲ್ಲಿದ್ದಾಗ ಹಿಮದ ನಾಡಿನಿಂದ ಓಡಿಬಂದ ಟಿಬೆಟದ ನಿರಾಶ್ರಿತರು ಬಂದಿಳಿದರು. ಉಟ್ಟ ದಪ್ಪ ಬಟ್ಟೆ ನಮ್ಮ ಬಿಸಿಲಿಗೆ ಬೆವೆತು ಅಂಟಿಕೊಂಡ ಆ ತಾಯಂದಿರು ಬಸ್ಸು ಹತ್ತಿದರೆ ನಮ್ಮ ಜನ ಕಿಟಕಿಗೆ ಮುಖ ತಿರುಗಿಸಿ “ಬೆಣ್ಣಿ ಕಮಟು” ಎಂದು ಗೊಣಗುತ್ತಿದ್ದರು. ಹಾಗೆ ಗೊಣಗುವವರ ತಲೆಯಿಂದ ಹರಳೆಣ್ಣೆ ಇಳಿಯುತ್ತಿರುತ್ತಿತ್ತು. ತನ್ನ ಮನೆಯ ವಾಸನೆ ಯಾರಿಗೂ ವಾಸನೆಯಲ್ಲ. ಅದು ಬರೀ ಗಾಳಿ. ದಾಂಡೇಲಿಯಲ್ಲಂತೂ ಇದು ನಗೆಪಾಟಲು, ಯಾಕೆಂದರೆ ಕಾರ್ಖಾನೆಯ ಬಿದಿರು ಬೇಯಿಸುವ ಕೊಳೆತ ವಾಸನೆ ಲಿಂಗವಂತ, ಮುಸಲ್ಮಾನ, ಕ್ರೈಸ್ತ ಎಂದು ನೋಡದೆ ನಮ್ಮೆಲ್ಲರ ಸೀರೆಗೂ ಹಾಸಿಗೆಗೂ ಸಮನಾಗಿ ಹತ್ತಿಕೊಂಡಿತ್ತು.

ಇರಲಿ, ನೀಲವ್ವನ ಬಳಿಗೆ ಬರೋಣ. ಬಸಪ್ಪ ಪಾಳಿ ಬಿಡುವಂತಿರಲಿಲ್ಲ. ತವರಿನಿಂದ ಯಾರೂ ಬರುವಂತಿರಲಿಲ್ಲ. ಗಂಗವ್ವ ನಿದ್ದೆಯಿಲ್ಲದೆ ಗೋಡೆ ಹಿಡಿದು ನಡೆಯುತ್ತಿದ್ದಳು. ಒಮ್ಮೆ ಬಂದ ಸಿಡುಬು ಮತ್ತೆ ಬರುವುದಿಲ್ಲವೆಂಬ ಧೈರ್ಯ ನನಗಿತ್ತು. ಶಾಲೆ ಮುಗಿಸಿ ನೆಟ್ಟಗೆ ಅವಳ ಮನೆಯ ಹೊಸ್ತಿಲು ದಾಟಿದೆ. “ಅಕ್ಕೋರ, ನೀವು ಒಳಗ…” ಎಂದು ಅವಳು ತಡೆಯಲು ಬಂದಳು, ಅರ್ಧಕ್ಕೇ ದನಿ ಸೋತಿತು. “ಮಡಿ ಆಮ್ಯಾಲ ಮಾಡಕೋ ಗಂಗವ್ವ. ಮೊದಲ ಒಂದು ತಾಸು ಮಲಕೋ,” ಎಂದೆ. ಮಲಗಿದಳು. ಆದರೆ ಏಳುತ್ತಲೇ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟಳು, ನಾನು ದಾಟಬಾರದೆಂದು. ನಾನೂ ದಾಟಲಿಲ್ಲ, ಅವಳ ಮಗಳ ಬಳಿ ಕೂರುವುದನ್ನೂ ಬಿಡಲಿಲ್ಲ. ಮನಸ್ಸಿನಲ್ಲಿ ಬೈದುಕೊಳ್ಳುತ್ತಲೇ ಬೇವಿನ ಎಸಳಿನಿಂದ ಗಾಳಿ ಬೀಸಿದೆ. ಪ್ರೀತಿಯೆಂದರೆ ಸದಾ ಜೇನು ಸುರಿಯುವ ಮನಸ್ಸು ಎಂದು ಯಾರು ಹೇಳಿದರೋ! ಎಷ್ಟೋ ಸಲ ಅದು ಹಲ್ಲು ಕಚ್ಚಿ ಮಾಡುವ ಕೆಲಸ.

ಮನೆಯಲ್ಲಿ ನಮ್ಮವರ ಪಾಡು ಬೇರೆ. ಸಪ್ಪನ ಬೇಳೆ, ಸಪ್ಪನ ಪಲ್ಯ, ಮಜ್ಜಿಗೆ, ಜೋಳದ ರೊಟ್ಟಿ. ಮೊದಲೆರಡು ದಿನ “ನೀ ಮಾಡಿದ್ದ ಖರೆ ಐತಿ” ಎಂದು ಉಬ್ಬಿ ಹೇಳಿದರು. ಆಮೇಲೆ “ಖರೆ ಐತಿ” ಉಳಿಯಿತು. ಆಮೇಲೆ ಬರೀ ನಿಟ್ಟುಸಿರು. ಒಂದು ದಿನ ಕಾರ್ಖಾನೆಯ ಕ್ಯಾಂಟೀನಿನ ಹಿಂದೆ ಸುಮ್ಮನೆ ನಿಂತುಕೊಂಡು ಮೂಗಿನಿಂದಲೇ ಊಟ ಮಾಡಿ ಬಂದೆನೆಂದು ಅವರೇ ಒಪ್ಪಿಕೊಂಡರು. ಆದರೂ ಒಮ್ಮೆಯೂ ಎಣ್ಣೆಯ ಗಿಂಡಿ ಇಳಿಸೆನ್ನಲಿಲ್ಲ, ಆ ಪುಣ್ಯಾತ್ಮ.

ಯೋಹಾನಪ್ಪನವರ ಮನೆಯಲ್ಲಿ ಮಾತ್ರ ಸಾಸಿವೆ ನಿಲ್ಲಲಿಲ್ಲ. ಮೊದಲ ದಿನ ಗೊತ್ತಿಲ್ಲದೆ ಹಾಕಿರಬೇಕೆಂದುಕೊಂಡೆ. ಆಮೇಲೆ ನೋಡಿದರೆ ಬೇಕೆಂದೇ, ಹಿತ್ತಲ ಬಾಗಿಲು ಮುಂಬಾಗಿಲು ಎರಡೂ ತೆರೆದಿಟ್ಟು ಹಾಕಿಸುತ್ತಿದ್ದರು. ಜೀವಂತ ದೇವರ ಮಕ್ಕಳು ಬೇವಿನ ಸೊಪ್ಪಿಗೆ ಹೆದರುವುದಿಲ್ಲ ಎಂಬುದು ಅವರ ಸಾಕ್ಷಿಯಾಗಿತ್ತು. ಲೋಕದಲ್ಲಿ ಎಲ್ಲೆಲ್ಲಿ ಎಂಥೆಂಥ ಭಕ್ತರು ಏನೇನು ಸಾಕ್ಷಿ ನುಡಿದರೋ. ಒಗ್ಗರಣೆಯಿಂದ ನುಡಿಸಿದವರು ನಮ್ಮ ಯೋಹಾನಪ್ಪನವರೊಬ್ಬರೇ ಇರಬೇಕು.

ಗುಳ್ಳೆಗಳೆಲ್ಲ ತುಂಬಿಕೊಂಡು ಹುಡುಗಿಯ ಜ್ವರ ನೆತ್ತಿಗೇರಿದ್ದ ಒಂದು ರಜೆಯ ಮಧ್ಯಾಹ್ನ, ಬಹಳ ಹೊತ್ತು ಪುಸಲಾಯಿಸಿ ಅವಳಿಗೆ ನಾಲ್ಕು ಗುಟುಕು ಮಜ್ಜಿಗೆ ಕುಡಿಸಿದ್ದೆ. ಅಷ್ಟರಲ್ಲಿ ಪಕ್ಕದ ಗೋಡೆಯಾಚೆ ಚಟಪಟ ಎಂದಿತು. ಬೆಳ್ಳುಳ್ಳಿ ಮೆಣಸಿನಕಾಯಿಯ ಘಾಟು ಗೋಡೆಯ ತಲೆ ದಾಟಿ ಇಳಿಯಿತು. ಮಗು ಕೆಮ್ಮಿತು, ಬಿಕ್ಕಳಿಸಿತು, ಕುಡಿದದ್ದೆಲ್ಲ ಕಾರಿಕೊಂಡಿತು. ಕಾರಿಕೊಂಡ ನೋವಿಗೆ ಎರಡೂ ಕೈಯಿಂದ ಮುಖ ಪರಚಿಕೊಂಡಿತು. ನಾನು ಕೈ ಹಿಡಿಯುವಷ್ಟರಲ್ಲಿ ಎಡಗಣ್ಣಿನ ರೆಪ್ಪೆಯ ಗುಳ್ಳೆ ಒಡೆದಿತ್ತು. ಗಂಗವ್ವ ಬೇವಿನ ಗೊಂಚಲಿನ ಮುಂದೆ ನೆಲಕ್ಕೆ ಹಣೆ ಬಡಿದುಕೊಳ್ಳುತ್ತ, “ತಪ್ಪಾತವ್ವಾ ತಪ್ಪಾತು, ಹಾಕಿದಾವ್ರು ನಾವಲ್ಲವ್ವಾ,” ಎಂದು ಅಳತೊಡಗಿದಳು. ಏನೂ ಮಾಡದವಳು ತಪ್ಪಾಯಿತು ಎನ್ನುತ್ತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಎದ್ದೆ. ಜಗಲಿಯ ಮೇಲೆ ನಡೆದು ಯೋಹಾನಪ್ಪನವರ ಮನೆ ಹೊಕ್ಕೆ. ಅವರು ಪಡಸಾಲೆಯ ಮಂಚದ ಮೇಲೆ ಊಟಕ್ಕೆ ಕಾಯುತ್ತಿದ್ದರು. ಅವರನ್ನು ದಾಟಿ ಒಳಗೆ ಹೋದರೆ ಮಾರ್ತವ್ವ ಹೊಗೆಯಾಡುವ ಒಗ್ಗರಣೆಯ ಸೌಟು ಹಿಡಿದು ಒಲೆಯ ಮುಂದೆ ಕೂತಿದ್ದಳು. ನಾನು ಸೌಟಿಗೆ ಕೈಹಾಕಿದೆ. ಕಿತ್ತುಕೊಂಡೆನೆಂದು ಆಮೇಲೆ ಸಭೆಯಲ್ಲೆಲ್ಲ ಸುದ್ದಿಯಾಯಿತು. ಆ ಗಟ್ಟಿ ಕೈಯ ಹೆಂಗಸು ಬಿಗಿಹಿಡಿದಿದ್ದರೆ ನನ್ನಿಂದಾಗುತ್ತಿರಲಿಲ್ಲ. ಹಿತ್ತಲಿಗೆ ಒಯ್ದು ಬೂದಿಗುಂಡಿಗೆ ಸುರಿದು, ಖಾಲಿ ಸೌಟನ್ನು ತಂದು ಅವಳ ಮುಂದಿಟ್ಟೆ.

“ಸಾರಾಬಾಯಿ, ಏನಿದು ನೀವು ಮಾಡಿದ್ದು?” ಯೋಹಾನಪ್ಪನವರು ಬಾಗಿಲಿಗೆ ಬಂದು ನಿಂತಿದ್ದರು.

“ಒಗ್ಗರಣಿ ಚೆಲ್ಲಿದೆ ರೀ. ಅಲ್ಲಿ ಆ ಕೂಸು ಕುಡಿದದ್ದೆಲ್ಲಾ ಕಾರಿಕೊಂಡೈತಿ.”

“ಆ ದೇವಿಗೆ ಅಂಜಿ ನಾ ನನ್ನ ಮನ್ಯಾಗ ಊಟ ಬಿಡಬೇಕೇನು?”

“ದೇವಿಗೆ ಅಂಜಬ್ಯಾಡ್ರಿ. ಹುಡುಗಿ ಮ್ಯಾಲ ಕರುಣಾ ಇರ್ಲಿ.”

“ಇವತ್ತ ಒಗ್ಗರಣಿ ಬಿಡ್ತೀರಿ. ನಾಳೆ ಕುಂಕುಮ ಹಚ್ಚಿಕೋತೀರಿ. ನಾಡದ ಕಾಯಿ ಕರ್ಪೂರ ಹಿಡಕೊಂಡು ನಿಂದ್ರತೀರಿ. ಹಿಂಗ ಜಾರೂದ್ರಿ ಮನಷಾ!”

ಅಲ್ಲಿಗೆ ಸುಮ್ಮನಾಗಬಹುದಿತ್ತು. ಬಾಯಿ ಬಿಡಬೇಕೆಂದು ದೇವರೇ ಕೊಟ್ಟ ಬಾಯಿ ನನ್ನದು. “ಸಾಸವಿ ಕಾಳಿನಷ್ಟು ವಿಶ್ವಾಸ ಇದ್ರ ಸಾಕಂತ ನಮ್ಮ ಸ್ವಾಮಿ ಅಂದದ್ದು, ಅದನ್ನ ಎಣ್ಯಾಗ ಸಿಡಸಲಿಕ್ಕಲ್ರಿ,” ಎಂದು ಹೊರಬಿದ್ದೆ.

ಆ ಸಂಜೆಯೇ ತೀರ್ಪು ಬಂತು. ವಿಗ್ರಹದ ಆಚಾರಕ್ಕಾಗಿ ಸಭಾಹಿರಿಯರ ಮನೆಗೆ ನುಗ್ಗಿ ಅನ್ನ ಚೆಲ್ಲಿದವಳು, ಈಸ್ಟರ್ ಹಬ್ಬದ ಆರಾಧನೆಯಲ್ಲಿ ಎಲ್ಲರ ಮುಂದೆ ತಪ್ಪಾಯಿತೆಂದು ಹೇಳಬೇಕು, ಹೇಳದಿದ್ದರೆ ಪ್ರಭುಭೋಜನವಿಲ್ಲ. ಇದರ ಭಾರ ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ಸ್ವಾಮಿ ತನ್ನವರೊಂದಿಗೆ ಕೂತು ಉಂಡ ಕೊನೆಯ ಊಟದ ನೆನಪಿಗಾಗಿ ನಾವೆಲ್ಲ ಒಂದೇ ರೊಟ್ಟಿಯ ತುಣುಕು ತಿಂದು ಒಂದೇ ಪಾತ್ರೆಯಲ್ಲಿ ಕುಡಿಯುತ್ತೇವೆ. ತಾಯಿ ತಂದೆ ಕಾಣದೆ ಬೆಳೆದ ನನಗೆ ಮನೆತನ ಅಂತ ಇದ್ದದ್ದು ಅದೊಂದೇ ಪಂಕ್ತಿ. ಅದರಿಂದ ಎಬ್ಬಿಸುತ್ತೇವೆ ಎಂದರು. ಆ ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ, ಮಿತ್ರರೇ, ಸದ್ದು ಗೋಡೆ ದಾಟದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಯೋಹಾನಪ್ಪನವರು ಕೆಟ್ಟವರೇ? ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಅವರ ಅಜ್ಜ ಹೊಸ ದೇವರನ್ನು ಹಿಡಿದನೆಂದು ಊರವರು ಬಾವಿ ಬಿಡಿಸಿದ್ದರು. ಬೇಸಗೆಯಲ್ಲಿ ಅಜ್ಜಿ ಹಳ್ಳದ ಕೆಸರು ಬಗೆದು ನೀರು ತರುತ್ತಿದ್ದಳಂತೆ. ನಮ್ಮನ್ನು ಬಾವಿಯಿಂದ ಓಡಿಸಿದವರ ಕಟ್ಟಳೆಯನ್ನು ನನ್ನ ಒಲೆಯ ಮೇಲೆ ನಡೆಸಲಾರೆ ಎಂಬ ಅವರ ಛಲದಲ್ಲಿ ಹಳೆಯ ಬಾಯಾರಿಕೆಯಿತ್ತು. ಅದು ನನಗೆ ಅರ್ಥವಾಗುತ್ತಿತ್ತು. ಆದರೆ ಬಾವಿ ಬಿಡಿಸಿದವರು ಯಾರೋ, ಗುಳ್ಳೆಯೆದ್ದು ಮಲಗಿದವಳು ಯಾರೋ! ಅಜ್ಜಿಯ ಬಾಯಾರಿಕೆಗೆ ಮೊಮ್ಮಕ್ಕಳ ಕಾಲದಲ್ಲಿ ಒಂದು ಕೂಸಿನ ಮಜ್ಜಿಗೆ ಕಾರಿಸಿ ತೀರಿಸಿಕೊಳ್ಳುವುದು ಯಾವ ನ್ಯಾಯ? ಎಲ್ಲರನ್ನೂ ಪ್ರೀತಿಸು ಎಂಬ ಮಾತು ಬಾಯಿಗೆ ಹಗುರ. ನೀಲವ್ವನನ್ನು ಪ್ರೀತಿಸಲು ನನಗೆ ಯಾರೂ ಅಪ್ಪಣೆ ಕೊಡಬೇಕಾಗಿರಲಿಲ್ಲ. ಆ ‘ಎಲ್ಲರ’ ಒಳಗೆ ಯೋಹಾನಪ್ಪನವರೂ ಇದ್ದಾರಲ್ಲ, ಅಲ್ಲಿ ನನ್ನ ಉಸಿರು ಕಟ್ಟುತ್ತಿತ್ತು.

ಹುಡುಗಿ ಉಳಿದಳು. ಎಡಗಣ್ಣಿನ ಮೇಲೆ ಬಿಳಿಯ ಪೊರೆ ಉಳಿಯಿತು, ಮುಖದ ತುಂಬ ನನ್ನಂಥವೇ ಕಲೆಗಳು, ಆದರೆ ಉಳಿದಳು. ಆ ಮಧ್ಯಾಹ್ನದ ಬಳಿಕ ಯೋಹಾನಪ್ಪನವರ ಮನೆಯಿಂದ ಸಾಸಿವೆಯ ಸದ್ದು ಕೇಳಿಬರಲಿಲ್ಲ. ನಮ್ಮ ಶುಭ ಶುಕ್ರವಾರದ ಹಿಂದುಮುಂದೆಯೇ ನೀಲವ್ವನಿಗೆ ಬೇವು ಅರಿಶಿನದ ನೀರೆರೆದರು. ನೀರೆರೆದ ಮರುದಿನ ಗಂಗವ್ವ ನಮ್ಮ ಮನೆಯ ಹೊಸ್ತಿಲಿನ ಒಳಗೆ ಬಂದು, ಮೊದಲ ಸಲ, ಚಾಪೆಯ ಮೇಲೆ ಕೂತಳು.

“ಅಕ್ಕೋರ, ನಮ್ಮ ಸಲುವಾಗಿ ನಿಮ್ಮ ದೇವರ ಪ್ರಸಾದ ನಿಮಗ ತಪ್ಪತೈತಂತಲ್ರಿ. ಖರೇನ?”

“ಖರೆ.”

“ಒಂದ ಮಾತು ರೀ. ತಪ್ಪಾತು ಅಂದಬಿಡ್ರಿ. ಬಾಯಿ ಮಾತಿಗೆ ಏನ ರೊಕ್ಕ ಬೀಳತೈತೇನ್ರಿ? ನಾ ದಿನಾ ನಮ್ಮ ಅತ್ತೀಗೆ ಅಂತಿದ್ದೆ.”

ನಗು ಬಂತು. ನಕ್ಕ ಮೇಲೆ ಹೇಳಿದೆ: “ನಾ ತಪ್ಪಾತು ಅಂದ್ರ ನಿನ್ನ ಮಗಳು ಒದ್ದಾಡಿದ್ದು ಸರಿ ಅಂದಂಗ ಆಗತೈತಿ ಗಂಗವ್ವ. ಆ ಮಾತು ನನ್ನ ಬಾಯಾಗ ಬರಂಗಿಲ್ಲ.” ಅವಳು ಏಳುವಾಗ, “ಒಂದೀಟು ನೀರು ಕೊಡ್ರಿ,” ಎಂದು ಕೇಳಿ, ನಮ್ಮ ಮನೆಯ ಚರಿಗೆಯಿಂದ ನಿಂತಲ್ಲೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೋದಳು.

ಈಸ್ಟರ್ ಬೆಳಗು ತಗಡಿನ ಶೆಡ್ಡು ತುಂಬಿತ್ತು. ಬೋಧಕರು ಹಿಂದಿನ ದಿನದ ರೈಲಿಗೆ ಬಂದು ಯೋಹಾನಪ್ಪನವರ ಮನೆಯಲ್ಲೇ ಇಳಿದಿದ್ದರು. ನಮ್ಮವರು ದಾರಿಯಲ್ಲಿ, “ಹೋಗೂಣು ಬ್ಯಾಡೋ?” ಎಂದು ಒಮ್ಮೆ ಕೇಳಿ, ನನ್ನ ಮುಖ ನೋಡಿ ಹೆಜ್ಜೆ ಹಾಕಿದರು. ಹಾಡಾಯಿತು, ಬೋಧಕರ ಪ್ರಸಂಗವಾಯಿತು. ಭೋಜನಕ್ಕೆ ಕರೆದಾಗ ಹೆಂಗಸರ ಸಾಲಿನಲ್ಲಿ ನಾನೂ ಎದ್ದು ಹೋಗಿ ಮುಂದಿನ ಅಡ್ಡಗಂಬಿಯ ಬಳಿ ಮೊಣಕಾಲೂರಿದೆ. ಎಬ್ಬಿಸುವುದಾದರೆ ಬಂದು ಎಬ್ಬಿಸಲಿ. ನಾನಾಗಿ ಏಳುವವಳಲ್ಲ ಎಂದು ನಿಶ್ಚಯಿಸಿದ್ದೆ. ಮಗ್ಗುಲಿಗೆ ಯಾರೋ ಬಂದು ಕೂತರು. ನೋಡಿದರೆ ಮಾರ್ತವ್ವ.

ಬೋಧಕರು ರೊಟ್ಟಿಯ ತಟ್ಟೆ ಹಿಡಿದು ಒಬ್ಬೊಬ್ಬರಿಗೆ ಕೊಡುತ್ತ ನನ್ನ ಮುಂದೆ ಬಂದು ನಿಂತರು. ಮೃದು ಮನಸ್ಸಿನ ಮನುಷ್ಯ. “ಸಾರಾಬಾಯಿ, ಒಂದು ಮಾತು ಹೇಳಿಬಿಡಮ್ಮಾ. ನನ್ನ ಕೈ ಕಟ್ಟಿದೆ,” ಎಂದು ಪಿಸುಗುಟ್ಟಿದರು.

ನಾನು ಪಿಸುಗುಟ್ಟಲಿಲ್ಲ. “ಅಯ್ನೋರ, ಕೂಸು ನರಳಾಕತ್ತಿತ್ತು, ನಾ ಒಗ್ಗರಣಿ ಚೆಲ್ಲಿದೆ. ನಾಳೆ ಮತ್ತ ನರಳಿದ್ರ ಮತ್ತ ಚೆಲ್ತೇನಿ. ಅದು ನಿಮ್ಮ ಕೂಸಾದ್ರೂ ಅಷ್ಟ, ಯೋಹಾನಪ್ಪನವರ ಕೂಸಾದ್ರೂ ಅಷ್ಟ. ತಪ್ಪಾತು ಅನ್ನೂದು ನನ್ನಿಂದ ಆಗಂಗಿಲ್ಲ.”

ಹಿಂದೆ ಯೋಹಾನಪ್ಪನವರು ಕೆಮ್ಮಿದರು. ಬೋಧಕರು ಕಣ್ಣು ಮುಚ್ಚಿ ತೆರೆದು, ನನ್ನನ್ನು ದಾಟಿ, ಮಾರ್ತವ್ವನ ಅಂಗೈಯಲ್ಲಿ ರೊಟ್ಟಿಯ ತುಣುಕಿಟ್ಟರು. ಚಾಚಿದ ನನ್ನ ಕೈ ಚಾಚಿದಂತೆಯೇ ಉಳಿಯಿತು.

ಮಾರ್ತವ್ವ ಅದನ್ನು ಬಾಯಿಗಿಡಲಿಲ್ಲ. ಆ ಸಭೆಯಲ್ಲಿ ಅವಳ ದನಿಯನ್ನು ಹಾಡಿನಲ್ಲಲ್ಲದೆ ಯಾರೂ ಕೇಳಿರಲಿಲ್ಲ. ತುಣುಕನ್ನು ಎರಡಾಗಿ ಮುರಿದಳು. ಅರ್ಧವನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದಳು. ಆಮೇಲೆ, ಮೊಣಕಾಲೂರಿದಲ್ಲಿಂದಲೇ, ಬೋಧಕರ ಮುಖ ನೋಡಿ ಹೇಳಿದಳು:

“ಸೌಟು ನಂದು ರೀ ಅಯ್ನೋರ. ಎಣ್ಣಿ ನಂದು, ಸಾಸವಿ ನಂದು. ಕೈ ಸುಟ್ಟುಕೊಂಡು ದಿನಾ ಹಾಕಾಕಿ ನಾನು. ನನಗ ಸಿಟ್ಟಿಲ್ಲ. ಅಂದಮ್ಯಾಲ ಈಕಿ ಯಾರಿಗಿ ತಪ್ಪಾತನ್ನಬೇಕು?”

ನಾನು ತಿಂದೆ. ಅವಳೂ ತಿಂದಳು. ಪಾತ್ರೆ ಹಿಡಿದು ಎರಡನೆಯ ಸಲ ಬಂದಾಗ ಬೋಧಕರು ಯೋಹಾನಪ್ಪನವರ ಕಡೆ ತಿರುಗಿ ನೋಡಲಿಲ್ಲ. ಅದನ್ನು ನನ್ನ ತುಟಿಗೆ ಹಿಡಿದರು.

ಆರಾಧನೆ ಮುಗಿದ ಮೇಲೆ ಹಬ್ಬದ ದಿನ ಸಭಾಹಿರಿಯರು ಬಾಗಿಲಲ್ಲಿ ನಿಂತು ಹೊರಹೋಗುವವರ ಕೈಕುಲುಕುವುದು ನಮ್ಮಲ್ಲಿ ಪದ್ಧತಿ. ಹೋಗುವವರು “ಕ್ರಿಸ್ತನು ಎದ್ದಿದ್ದಾನೆ” ಎನ್ನಬೇಕು, ನಿಂತವರು “ನಿಜವಾಗಿಯೂ ಎದ್ದಿದ್ದಾನೆ” ಎನ್ನಬೇಕು. ಯೋಹಾನಪ್ಪನವರು ನಿಂತಿದ್ದರು, ಮುಖ ಬಿಗಿದಿತ್ತು. ಪಕ್ಕದ ಕಿಂಡಿಬಾಗಿಲಿನಿಂದ ಜಾರಿಕೊಳ್ಳಬಹುದಿತ್ತು. ನಮ್ಮವರು ಮೆಲ್ಲಗೆ ಮೊಣಕೈ ಎಳೆದರು ಕೂಡ. ನಾನು ನೆಟ್ಟಗೆ ಹೋಗಿ ಅವರ ಮುಂದೆ ಕೈ ಚಾಚಿ, “ಕ್ರಿಸ್ತನು ಎದ್ದಿದ್ದಾನೆ, ಯೋಹಾನಪ್ಪನವರ,” ಎಂದೆ.

ಅವರು ನನ್ನ ತಲೆಯ ಮೇಲಿಂದ ಆಚೆಯ ಬಿದಿರ ಮೆಳೆಯನ್ನು ನೋಡಿದರು. ನಾನು ಕೈ ಹಿಂತೆಗೆಯಲಿಲ್ಲ. ನನ್ನ ಹಿಂದೆ ಸಾಲು ನಿಂತಿತು. ಯಾರದೋ ಕೂಸು ರಗಳೆ ಶುರುಮಾಡಿತು. ಹಿಂದಿನವರು ಏನಾಯಿತೆಂದು ಇಣುಕತೊಡಗಿದರು. ನಿಲ್ಲಲಿ ಎಂದುಕೊಂಡೆ. ಸಂಜೆಯವರೆಗೆ ಬೇಕಾದರೂ ನಿಲ್ಲುತ್ತೇನೆ. ನನ್ನನ್ನು ಪಂಕ್ತಿಯಿಂದ ಎಬ್ಬಿಸಲು ಬಂದ ಈ ಮನುಷ್ಯನನ್ನು ನಾನು ಮಾತ್ರ ಎಬ್ಬಿಸುವವಳಲ್ಲ, ಬಿಟ್ಟು ಹೋಗುವವಳೂ ಅಲ್ಲ.

“ಲಗೂನ ಅನ್ರಿ,” ಎಂದಳು ನನ್ನ ಹಿಂದಿನಿಂದ ಮಾರ್ತವ್ವ, “ಮನೀಗೆ ಹೋಗಿ ಅಡಗಿ ಮಾಡಬೇಕು.”

ಅವರ ಕೈ ನಿಧಾನಕ್ಕೆ ಮೇಲೆದ್ದು ಬಂತು. “ನಿಜವಾಗಿಯೂ ಎದ್ದಿದ್ದಾನೆ,” ಎಂದರು, ಸಿಟ್ಟಿನಿಂದಲೇ. ಸಿಟ್ಟಿದ್ದರೆ ಇರಲಿ, ಕೈ ಬೆಚ್ಚಗಿತ್ತು. ಅದನ್ನು ಗಟ್ಟಿಯಾಗಿ ಹಿಡಿದು ಕುಲುಕಿದ ಮೇಲೆಯೇ ನಾನು ಬಾಗಿಲು ಬಿಟ್ಟೆ.